ಕಾಡಿಗೆ ಹೋಗುವ ಪಾಳಿ

ಮೊನ್ನೆ ಮಧ್ಯಾಹ್ನದ ಊಟದ ಗದ್ದಲವೆಲ್ಲ ಮುಗಿದ ಮೇಲೆ ಹಿತ್ತಲ ಕಡೆಯ ಕಿಟಕಿಯ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದೆ. ಕಮಲಾಪುರದ ದಿಕ್ಕಿನಿಂದ ಗಾಳಿ ಬೀಸಿತು. ಗಾಳಿಯ ಜೊತೆ ಏನೋ ಸುಟ್ಟ ವಾಸನೆ ಬಂತು. ಒಲೆಯ ಮೇಲೆ ಏನೂ ಹತ್ತಿರಲಿಲ್ಲ, ಗಾಬರಿಯಾಗಬೇಡಿ. ಈ ದಿನಗಳಲ್ಲಿ ಆ ಕಡೆಯ ಹೊಲಗಳಲ್ಲಿ ಕಬ್ಬು ಕಡಿದು ಮುಗಿದಿರುತ್ತದೆ. ನೆಲದ ಮೇಲೆ ಉಳಿದ ರವದಿಗೆ ಬೆಂಕಿ ಹಚ್ಚುತ್ತಾರೆ. ಒಣಗರಿ ಸುಡುವ ಆ ವಾಸನೆಯಲ್ಲಿ ಒಂದಿಷ್ಟು ಬೆಲ್ಲವೂ ಒಂದಿಷ್ಟು ಮಣ್ಣೂ ಸೇರಿಕೊಂಡಿರುತ್ತವೆ.

ಅದು ಮೂಗಿಗೆ ಬಡಿದ ಕೂಡಲೇ ನನಗೆ ಬಂಡೀಪುರ ನೆನಪಾಯಿತು. ಚಳಿ ಕಳೆಯುವ ಹೊತ್ತಿಗೆ ಅಲ್ಲಿ ಕಾಡು ಕಾಯುವವರು ರಸ್ತೆಯ ಎರಡೂ ಬದಿಯ ಒಣಹುಲ್ಲನ್ನು ತಾವೇ ಸುಟ್ಟು ಬೋಳು ಪಟ್ಟಿ ಮಾಡಿಡುತ್ತಾರೆ. ಬೇಸಿಗೆಯಲ್ಲಿ ಎಲ್ಲಾದರೂ ಬೆಂಕಿ ಬಿದ್ದರೆ ಅದು ಆ ಪಟ್ಟಿಯನ್ನು ದಾಟದಿರಲಿ ಎಂದು. ಕರಿಗಟ್ಟಿದ ಆ ನೆಲದಲ್ಲಿ ಕೆಲವೇ ದಿನಕ್ಕೆ ಹಸಿರು ಮೊಳೆಯುತ್ತದೆ. ಅದನ್ನು ಮೇಯಲು ಬಂದ ಜಿಂಕೆಗಳ ಕಾಲುಗಳು ಮೊಣಕಾಲಿನವರೆಗೆ ಕಪ್ಪಾಗಿರುತ್ತವೆ, ಕಾಲುಚೀಲ ಹಾಕಿಕೊಂಡು ಶಾಲೆಗೆ ಹೊರಟ ಮಕ್ಕಳ ಹಾಗೆ.

ಇಷ್ಟೆಲ್ಲ ಕಣ್ಣ ಮುಂದೆ ಬಂತು. ಆದರೆ ನಾನು ಬಂಡೀಪುರವನ್ನು ನೋಡಿಯೇ ಇಲ್ಲ.

ನೋಡಿದವರು ನಮ್ಮವರು. ನಾನು ನೋಡಿದ್ದೆಲ್ಲ ಅವರ ಬಾಯಿಂದ, ಇದೇ ಕಿಟಕಿಯ ಹತ್ತಿರ, ಇದೇ ಬೆಳ್ಳುಳ್ಳಿಯ ಬುಟ್ಟಿಯ ಮುಂದೆ. ಮೊನ್ನೆ ಆ ವಾಸನೆ ಬಂದಾಗ ಅವರು ಮನೆಯಲ್ಲಿರಲಿಲ್ಲ. ಎಲ್ಲಿಗೆ ಹೋಗಿದ್ದರು ಎಂಬಲ್ಲಿಗೆ ನಿಧಾನವಾಗಿ ಬರುತ್ತೇನೆ. ಅದಕ್ಕೆ ಮೊದಲು ನಮ್ಮ ಖಾನಾವಳಿಯ ವಿಷಯ ಹೇಳಬೇಕು. ಅದನ್ನು ಹೇಳದೆ ನಾವು ಗಂಡ ಹೆಂಡತಿ ಯಾಕೆ ಒಬ್ಬೊಬ್ಬರೇ ಕಾಡಿಗೆ ಹೋಗುತ್ತಿದ್ದೆವು ಎಂಬುದು ಯಾರಿಗೂ ತಿಳಿಯುವುದಿಲ್ಲ. ಜಗಳವಾಡಿಕೊಂಡಿದ್ದೆವು ಎಂದೇ ತಿಳಿಯುತ್ತಾರೆ. ಬಹಳ ಜನ ಹಾಗೇ ತಿಳಿದಿದ್ದರು ಕೂಡ.

ಹೊಸಪೇಟೆಯಿಂದ ಟಿ.ಬಿ. ಡ್ಯಾಮಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ನಮ್ಮ ಅತ್ತೆ ಶುರು ಮಾಡಿದ್ದು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ, ಸಾರು, ಇಷ್ಟೇ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಒಂಟಿಯಾಗಿರುವವರು, ಕಾಲುವೆ ಆಫೀಸಿನ ಗುಮಾಸ್ತರು, ಸಂಡೂರಿನ ಕಡೆಯಿಂದ ಅದಿರು ತುಂಬಿಕೊಂಡು ಬರುವ ಲಾರಿಯವರು ನಮ್ಮ ಗಿರಾಕಿಗಳು. ಅಂಗಡಿಯನ್ನಾದರೆ ನಾಲ್ಕು ದಿನ ಮುಚ್ಚಬಹುದು, ಖಾನಾವಳಿಯನ್ನು ಮುಚ್ಚಲಾಗುವುದಿಲ್ಲ. ಹಬ್ಬಕ್ಕಂತೂ ಆಗುವುದೇ ಇಲ್ಲ. ಊರಿಗೆ ಹೋಗಲು ರಜೆ ಸಿಗದವರು ಹಬ್ಬದ ದಿನವೇ ಹೆಚ್ಚು ಹಸಿದಿರುತ್ತಾರೆ. ಅಡಿಗೆಮನೆ ನನ್ನದು. ಸಂತೆ, ಗಲ್ಲಾಪೆಟ್ಟಿಗೆ, ಬಡಿಸುವುದು ಅವರದು. ರೊಟ್ಟಿ ಬಡಿಯಲು ಶರಣಮ್ಮ ಎಂಬಾಕೆ ಇದ್ದಾಳೆ, ನನ್ನಷ್ಟೇ ವರ್ಷದಿಂದ ಅದೇ ಒಲೆಯ ಮುಂದೆ ಕುಳಿತವಳು. ನಮ್ಮಿಬ್ಬರಲ್ಲಿ ಒಬ್ಬರಿಲ್ಲದಿದ್ದರೆ ಶರಣಮ್ಮ ಹೇಗೋ ತೂಗಿಸುತ್ತಾಳೆ. ಇಬ್ಬರೂ ಇಲ್ಲದಿದ್ದರೆ ತೂಗಿಸಲಾಗುವುದಿಲ್ಲ.

ಕಾಡಿನ ಹುಚ್ಚು ಮೊದಲಿಗೆ ಅವರದು. ಅವರು ಹುಟ್ಟಿ ಬೆಳೆದದ್ದು ಸಂಡೂರಿನಲ್ಲಿ. ಅಲ್ಲಿನ ಗುಡ್ಡಗಳಲ್ಲಿ ಅಲೆದು, ಕಾರೆಹಣ್ಣು ತಿಂದು, ನವಿಲಿನ ಹಿಂದೆ ಓಡಿ ದೊಡ್ಡವರಾದವರು. ಆಮೇಲೆ ಅವರು ಹಣ್ಣು ಕಿತ್ತ ಇಳಿಜಾರುಗಳೆಲ್ಲ ಒಂದೊಂದಾಗಿ ಕೆಂಪು ಹೊಂಡಗಳಾದವು. "ನಮ್ಮ ಗುಡ್ಡ ಲಾರಿ ಹತ್ತಿ ಹೋತು ನೋಡು," ಎನ್ನುತ್ತಿದ್ದರು. ಅದೇ ಲಾರಿಯವರಿಗೆ ರೊಟ್ಟಿ ಬಡಿಸುತ್ತಲೇ ಎನ್ನುತ್ತಿದ್ದರು. ಯಾರೂ ಹೊತ್ತುಕೊಂಡು ಹೋಗಲಾರದ ಕಾಡನ್ನು ನೋಡಬೇಕು, ಸರಕಾರ ಸುತ್ತ ಬೇಲಿ ಹಾಕಿ ಕಾಯುತ್ತದಲ್ಲ, ಅಂಥದ್ದನ್ನು ನೋಡಬೇಕು ಎಂಬ ಆಸೆ ಅವರಿಗೆ. ನಾನು ಕಂಪ್ಲಿ ಹತ್ತಿರದ ಮೆಟ್ರಿಯವಳು. ಸುತ್ತ ಭತ್ತದ ಗದ್ದೆ. ನನ್ನ ಪಾಲಿಗೆ ಕಾಡೆಂದರೆ ಊರ ಹೊರಗಿನ ಜಾಲಿಯ ಕಂಟಿ, ಕಾಡುಪ್ರಾಣಿಯೆಂದರೆ ಗದ್ದೆಯ ಕಪ್ಪೆ. ಕಪ್ಪೆಗೇ ಹೆದರುತ್ತಿದ್ದೆ.

ಒಂದು ವರ್ಷ ಇಬ್ಬರೂ ಹೋಗುವುದೆಂದು ಗಟ್ಟಿ ಮಾಡಿದೆವು. ಖಾನಾವಳಿ ನೋಡಿಕೊಳ್ಳಲು ಶರಣಮ್ಮ ಒಪ್ಪಿದಳು, ಜೊತೆಗೆ ತಂಗಿಯನ್ನು ಕರೆಸುತ್ತೇನೆ ಎಂದಳು. ಬಂಡೀಪುರದ ಬಳಿ ಕೋಣೆ ಗೊತ್ತು ಮಾಡಿದ್ದಾಯಿತು. ಸಂತೆಯ ತರಕಾರಿ ಹೊರುವ ನಮ್ಮ ಹಳೆಯ ವ್ಯಾನನ್ನು ಅವರು ಎರಡು ಸಲ ತೊಳೆದರು, ಆದರೂ ಉಳ್ಳಾಗಡ್ಡಿಯ ವಾಸನೆ ಹೋಗಲಿಲ್ಲ. ಹೊರಡುವ ಹಿಂದಿನ ದಿನ ಶರಣಮ್ಮನ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬಂತು. ಅಕ್ಕ ತಂಗಿ ಇಬ್ಬರೂ ಆಸ್ಪತ್ರೆಗೆ ಓಡಿದರು.

"ಬಿಡು, ಮುಂದಿನ ವರ್ಷ ಹೋದರಾತು," ಎಂದರು ನಮ್ಮವರು. ಹಾಗೆನ್ನುವಾಗ ಮುಖ ಆ ಕಡೆ ತಿರುಗಿಸಿದರು.

"ನೀವಾರ ಹೋಗಿ ಬರ್ರಿ," ಎಂದೆ.

"ನಿನ್ನ ಬಿಟ್ಟು ಒಬ್ಬನ ಹೋಗಿ ನಾ ಏನ್ ಮಾಡ್ಲಿ ಅಲ್ಲಿ?"

"ನೋಡ್ರಿ. ಬಂದು ಹೇಳ್ರಿ."

ಅಷ್ಟೇ ಮಾತು. ಬೆಳಿಗ್ಗೆ ಎದ್ದು ಅವರಿಗೆ ಬುತ್ತಿ ಕಟ್ಟಿದೆ. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಎಲ್ಲರ ಮೇಲೂ ರೇಗಿದೆ. ಒಲೆಯ ಮೇಲೂ ರೇಗಿದೆ.

ಅವರು ಹಿಂತಿರುಗಿದ ಮರುದಿನ ಮಧ್ಯಾಹ್ನ ಬೆಳ್ಳುಳ್ಳಿ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಕುಳಿತೆವು. "ಹೇಳ್ರಿ ಈಗ," ಎಂದೆ. ಹುಲಿಯೋ ಆನೆಯೋ ಬರುತ್ತದೆಂದು ಕಾದೆ. ಅವರು ಅವತ್ತು ಹೇಳುತ್ತ ಹೇಳುತ್ತ ಹಿರಿಯೂರಿನವರೆಗೆ ಬಂದರು. ಮರುದಿನ ಶಿರಾ ದಾಟಲಿಲ್ಲ. ಎಲ್ಲಿ ಚಹಾ ಕುಡಿದರು, ಆ ಚಹಾದಂಗಡಿಯವನ ಕಿವಿಯ ಮೇಲೆ ಎಷ್ಟು ಉದ್ದದ ಕೂದಲಿತ್ತು, ಅವನು ತನ್ನ ತಮ್ಮನ ಮೇಲೆ ಯಾಕೆ ಸಿಟ್ಟಾಗಿದ್ದ, ದಾರಿಯಲ್ಲಿ ಯಾವ ಊರಿನ ಮಣ್ಣು ಕೆಂಪು, ಯಾವ ಊರಿನದು ಕಪ್ಪು, ಎಲ್ಲವೂ ಬೇಕು ಅವರಿಗೆ. ಗುಂಡ್ಲುಪೇಟೆ ಬರುವಷ್ಟರಲ್ಲಿ ಬುಟ್ಟಿಯ ಬೆಳ್ಳುಳ್ಳಿ ಖಾಲಿಯಾಗಿ ಹೊಸ ಬೆಳ್ಳುಳ್ಳಿ ಬಂದಿತ್ತು. ನಡುವೆ ನಾನು ತಾಳ್ಮೆಗೆಟ್ಟು, "ಆನಿ ಯಾವಾಗ ಬರ್ತಾವ್ರೀ?" ಎಂದರೆ, "ಬರ್ತಾವ, ತಡಿ. ಅವು ಕಾಡಿನ್ಯಾಗ ಅದಾವ. ನಾವಿನ್ನ ರೋಡಿನ ಮ್ಯಾಲ ಅದೀವಿ," ಎನ್ನುತ್ತಿದ್ದರು.

ಅವರ ದನಿ ಜೋರಿನದಲ್ಲ. ಹೇಳುವಾಗ ಇನ್ನೂ ತಗ್ಗುತ್ತಿತ್ತು. ಕೇಳಿಸಿಕೊಳ್ಳಲು ಮುಂದಕ್ಕೆ ಬಗ್ಗಬೇಕಾಗುತ್ತಿತ್ತು. ಈಗ ಅದನ್ನು ನೆನೆಯುವಾಗ ಮೊದಲು ನೆನಪಿಗೆ ಬರುವುದು ಮಾತಲ್ಲ, ಹಾಗೆ ಬಗ್ಗಿ ಕುಳಿತದ್ದು.

ಮುಂದಿನ ವರ್ಷ ಮಳೆಗಾಲ ಕಳೆದು ಚಳಿ ಶುರುವಾದಾಗ ಅವರೇ ಮಾತು ತೆಗೆದರು. "ಈ ಸಲ ನಿನ್ನ ಪಾಳಿ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಮರುದಿನದಿಂದಲೇ ಕಾಲುವೆಯ ಏರಿಯ ಮೇಲೆ ನನಗೆ ವ್ಯಾನು ಕಲಿಸತೊಡಗಿದರು. ಒಂದು ಕಡೆ ನೀರು, ಇನ್ನೊಂದು ಕಡೆ ಬಾಳೆತೋಟ. ಬಾಳೆತೋಟದ ಕಡೆಗೇ ಹೆಚ್ಚು ಹೋಗುತ್ತಿದ್ದೆ, ಯಾಕೆಂದರೆ ನನಗೆ ಈಜು ಬರುವುದಿಲ್ಲ. ಕಲಿತೆ, ಹೇಗೋ. ಸಂತೆಗೆ ಹೋಗಿ ಬಂದೆ, ಕಮಲಾಪುರಕ್ಕೆ ಹೋಗಿ ಬಂದೆ, ಕೊನೆಗೆ ಮೆಟ್ರಿಗೆ ತವರುಮನೆಯ ಬಾಗಿಲವರೆಗೆ ನಾನೇ ಓಡಿಸಿಕೊಂಡು ಹೋದೆ. ನಮ್ಮವ್ವ ಹೊರಗೆ ಬಂದು ಕೇಳಿದ ಮೊದಲ ಮಾತು, "ಅಳಿಯಂದ್ರು ಎಲ್ಲಿ? ಏನರ ಜಗಳ ಆತೇನ?"

ಹಂಪಿಯನ್ನು ನೋಡಲು ಲೋಕದ ಮೂಲೆಮೂಲೆಯಿಂದ ಹೆಣ್ಣುಮಕ್ಕಳು ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬೊಬ್ಬರೇ ಬರುತ್ತಾರೆ. ನಮ್ಮ ಖಾನಾವಳಿಗೂ ಬಂದು ರೊಟ್ಟಿ ತಿಂದು ಕಣ್ಣಲ್ಲಿ ನೀರು ಸುರಿಸಿ ಹೋಗಿದ್ದಾರೆ, ಚಟ್ನಿಯ ಖಾರಕ್ಕೆ. ಅವರನ್ನು ಕಂಡು ನಮ್ಮೂರಿನವರಿಗೆ ಏನೂ ಅನಿಸುವುದಿಲ್ಲ. ಇದೇ ಊರಿನ ಹೆಂಗಸು ಒಬ್ಬಳೇ ಹೊರಟರೆ ಮಾತ್ರ ಮನೆಯಲ್ಲಿ ಏನೋ ಆಗಿರಬೇಕು. ಕಾಲುವೆ ಆಫೀಸಿನ ಗುಮಾಸ್ತರೊಬ್ಬರು ಊಟ ಮಾಡುತ್ತ ಮಾಡುತ್ತ ನಮ್ಮವರಿಗೆ ಗುಟ್ಟಿನಲ್ಲಿ ಬುದ್ಧಿ ಹೇಳಿದರು: "ಸಮಾಧಾನ ಮಾಡ್ರಿ ಅವ್ರನ್ನ. ಹೆಣ್ಮಕ್ಳ ಸಿಟ್ಟು ಭಾಳ ದಿನ ಇರಂಗಿಲ್ಲ."

ಹೊರಡುವ ದಿನ ಶರಣಮ್ಮ ಬಾಗಿಲವರೆಗೆ ಬಂದು, "ಅಕ್ಕಾರ, ಹುಲಿ ಎದುರಿಗೆ ಬಂದ್ರ ಏನ್ ಮಾಡ್ತೀರಿ?" ಎಂದಳು.

"ಊಟ ಆತೇನು ಅಂತ ಕೇಳ್ತೀನಿ. ನನಗ ಇನ್ನೇನ್ ಬರ್ತದ?"

ನಾನು ಹೋದದ್ದು ಅಣಶಿಗೆ. ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಹಳಿಯಾಳದ ದಾರಿ ಹಿಡಿದು ದಾಂಡೇಲಿಯಲ್ಲಿ ಉಳಿದು, ಮರುದಿನ ಜೋಯಿಡಾದ ಆಚೆ ಕಾಡಿನೊಳಗೆ. ಗದಗದವರೆಗೆ ಎರಡೂ ಕೈಯಿಂದ ಸ್ಟಿಯರಿಂಗನ್ನು ಹಗ್ಗ ಹಿಡಿದ ಹಾಗೆ ಹಿಡಿದಿದ್ದೆ. ಹುಬ್ಬಳ್ಳಿಯ ಗದ್ದಲದಲ್ಲಿ ಯಾರೋ ನನ್ನನ್ನೂ ನನ್ನ ವ್ಯಾನನ್ನೂ ಸೇರಿಸಿ ಬೈದರು. ಹಳಿಯಾಳ ದಾಟಿದ ಮೇಲೆ ರಸ್ತೆಯ ಮೇಲೆ ಮರಗಳ ನೆರಳು ಬಿತ್ತು. ಆಗ ಹಿಡಿತ ಸಡಿಲಿಸಿದೆ.

ಅಣಶಿಯ ಏರುದಾರಿಯಲ್ಲಿ ವ್ಯಾನು ಕಾಯಿತು. ಮುಂದಿನಿಂದ ಉಗಿ ಎದ್ದಿತು. ಬದಿಗೆ ಹಾಕಿ ಇಂಜಿನ್ ನಿಲ್ಲಿಸಿದೆ. ಫೋನಿಗೆ ಸಿಗ್ನಲ್ ಇಲ್ಲ. ಮೊದಲು ಹೆದರಿದೆ, ಸುಳ್ಳು ಯಾಕೆ ಹೇಳಲಿ. ಇಂಜಿನ್ ಆರುವವರೆಗೆ ಮಾಡಲು ಏನೂ ಇರಲಿಲ್ಲ. ಕುಳಿತೆ. ಸ್ವಲ್ಪ ಹೊತ್ತಿಗೆ ಅದೇನೋ ವಿಚಿತ್ರ ಅನಿಸತೊಡಗಿತು. ಏನದು ಎಂದು ಯೋಚಿಸಿದೆ. ಯಾರೂ ಕರೆಯುತ್ತಿರಲಿಲ್ಲ! ಮದುವೆಯಾದಂದಿನಿಂದ ನನ್ನ ಕಿವಿಯಲ್ಲಿ "ಅಕ್ಕಾ ರೊಟ್ಟಿ, ಅಕ್ಕಾ ಸಾರು, ಅಕ್ಕಾ ನೀರು" ಎಂಬ ದನಿ ನಿಂತದ್ದೇ ಇಲ್ಲ. ಅಲ್ಲಿ ಅಷ್ಟು ದೊಡ್ಡ ಕಾಡು ಕುಳಿತಿತ್ತು, ಅದರೊಳಗೆ ಎಷ್ಟೋ ಜೀವಗಳು ಹಸಿದಿರಬೇಕು, ಅವುಗಳಲ್ಲಿ ಒಂದಕ್ಕೂ ನಾನು ಬಡಿಸಬೇಕಾಗಿರಲಿಲ್ಲ. ಯಾಕೋ ಅಳು ಬಂತು. ಅತ್ತು ಮುಗಿಸಿ, ಬುತ್ತಿ ಬಿಚ್ಚಿ ತಿಂದೆ.

ಆಗಲೇ ತಲೆಯ ಮೇಲೆ ಹೊಸ್ ಹೊಸ್ ಎಂದು ಯಾರೋ ದೊಡ್ಡ ತಿದಿ ಒತ್ತಿದಂಥ ಸದ್ದಾಯಿತು. ನೋಡಿದರೆ ಹಕ್ಕಿ. ಹಳದಿ ಕೊಕ್ಕು ಎಷ್ಟು ದೊಡ್ಡದೆಂದರೆ ಅದನ್ನು ಹೊತ್ತು ಹಾರುವುದೇ ಕಷ್ಟವಿರಬೇಕು ಅನ್ನಿಸಿತು. ಅದು ಒಂದು ಮರದ ಪೊಟರೆಯ ಮುಂದೆ ಕುಳಿತು ಕುತ್ತಿಗೆ ಬಗ್ಗಿಸಿ ಒಳಗೆ ಏನನ್ನೋ ಕೊಟ್ಟಿತು. "ರೀ, ನೋಡ್ರಿ!" ಎಂದು ಪಕ್ಕಕ್ಕೆ ತಿರುಗಿದೆ. ಪಕ್ಕದ ಸೀಟಿನಲ್ಲಿ ನೀರಿನ ಬಾಟಲಿಯೂ ನನ್ನ ಸ್ವೆಟರೂ ಇದ್ದವು.

ಒಬ್ಬರೇ ಹೋಗುವುದರಲ್ಲಿ ಏನು ಸುಖ ಎಂದು ಎಷ್ಟೋ ಜನ ಕೇಳಿದ್ದಾರೆ. ಉತ್ತರ ಆ ಗಳಿಗೆಯಲ್ಲೇ ಇದೆ. ಅವರು ಪಕ್ಕದಲ್ಲಿದ್ದಿದ್ದರೆ "ನೋಡ್ರಿ" ಎನ್ನುತ್ತಿದ್ದೆ, ಅವರು ನೋಡುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಅವರಿರಲಿಲ್ಲ. ಆದ್ದರಿಂದ ಅವರ ಪಾಲಿನದನ್ನೂ ನಾನೇ ನೋಡಬೇಕಾಯಿತು. ಕೊಕ್ಕಿನ ಬಣ್ಣ ಎಂಥ ಹಳದಿ, ಅರಿಸಿನವೋ ಚೆಂಡುಹೂವೋ? ಪೊಟರೆಯ ಬಾಯಿ ಎಷ್ಟಗಲ? ಆ ಸದ್ದನ್ನು ಬಾಯಲ್ಲಿ ಹೇಗೆ ಮಾಡಿ ತೋರಿಸಲಿ? ಆ ಹಕ್ಕಿಯನ್ನು ನಾನು ನೋಡಿದಷ್ಟು ಗಮನವಿಟ್ಟು ನನ್ನ ಮಗಳನ್ನೂ ನೋಡಿರಲಿಕ್ಕಿಲ್ಲ. ಆ ಒಂದು "ನೋಡ್ರಿ" ಎಂಬ ಮಾತನ್ನು ಬಾಯಲ್ಲಿ ಹಿಡಿದುಕೊಂಡು ಹೊಸಪೇಟೆಯವರೆಗೆ ವ್ಯಾನು ಓಡಿಸಿದೆ.

ಮನೆಗೆ ಬಂದು ಹೇಳಲು ಕುಳಿತೆ. "ಮಂಗಟ್ಟೆ ಅಂತ ಹಕ್ಕಿ ನೋಡಿದೆ, ಹಿಂಗ ರೆಕ್ಕಿ..." ಅಂದೆನೋ ಇಲ್ಲವೋ, ಅವರು ಕೈ ಅಡ್ಡ ತಂದರು.

"ಏ, ಏ! ಒಮ್ಮೆಲೆ ನನ್ನ ಒಯ್ದು ಗಿಡದ ಮ್ಯಾಲ ಕುಂದ್ರಸಬ್ಯಾಡ. ಕೊಪ್ಪಳದಿಂದ ಬಾ."

ಕೊಪ್ಪಳದಿಂದ ಬಂದೆ. ಬೈದವನ ಬೈಗುಳವನ್ನೂ ಹೇಳಿದೆ, ಅದನ್ನು ಎರಡು ಸಲ ಹೇಳಿಸಿಕೊಂಡು ನಕ್ಕರು. ಅತ್ತದ್ದನ್ನು ಹೇಳಿದೆ. ಆಗ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದರು. ಕೊನೆಗೆ ಮಂಗಟ್ಟೆ ಬಂತು. ದಾಂಡೇಲಿಯಲ್ಲಿ ಒಬ್ಬರು ತಿಳಿಸಿದ್ದರು, ಹೆಣ್ಣು ಹಕ್ಕಿ ಮರಿಯಾಗುವ ಕಾಲಕ್ಕೆ ಪೊಟರೆಯೊಳಗೆ ಹೋಗಿ ಅದರ ಬಾಯಿಯನ್ನು ಒಳಗಿನಿಂದ ಮುಚ್ಚಿಕೊಂಡು ಕೂರುತ್ತದೆ, ಸಣ್ಣ ಸಂದಿಯಿಂದ ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಕೊಡುತ್ತದೆ ಎಂದು. ಅದನ್ನೂ ಹೇಳಿದೆ.

"ಅಂದ್ರ ಅದೂ ಖಾನಾವಳಿನ ನಡಸ್ತದ ಅನ್ನು," ಎಂದರು.

ಹೀಗೆ ಶುರುವಾದದ್ದು ಎಷ್ಟೋ ವರ್ಷ ನಡೆಯಿತು. ಒಂದು ವರ್ಷ ಅವರು, ಒಂದು ವರ್ಷ ನಾನು. ಮಗಳು ಬೆಳೆದಳು, ಕಂಪ್ಲಿಗೆ ಮದುವೆ ಮಾಡಿಕೊಟ್ಟೆವು. ವ್ಯಾನಿನ ಬಣ್ಣ ಹೋಯಿತು. ಪಾಳಿ ತಪ್ಪಲಿಲ್ಲ. ಹೋದವರಿಗೆ ಅಲ್ಲಿ ಕುಳಿತು ಮನೆಯ ಹಂಬಲ, ಮನೆಯಲ್ಲಿದ್ದವರಿಗೆ ಹೋದವರ ಹಂಬಲ. ವರ್ಷಪೂರ್ತಿ ಒಬ್ಬರಿಗೊಬ್ಬರು ಬೆನ್ನು ತಾಗಿಸಿಕೊಂಡು ಅಡಿಗೆಮನೆಯಲ್ಲಿ ಓಡಾಡುವ ನಮಗೆ, ವರ್ಷಕ್ಕೊಮ್ಮೆ ಹೀಗೆ ಒಬ್ಬರನ್ನೊಬ್ಬರು ಕಾಯುವುದು ಏನೋ ಹೊಸದಾಗಿರುತ್ತಿತ್ತು. ಮದುವೆಗೆ ಮುಂಚೆ ನಾವು ಒಬ್ಬರನ್ನೊಬ್ಬರು ಕಾದವರಲ್ಲ. ನೋಡಿದ್ದೇ ಹಿರಿಯರ ನಡುವೆ, ಒಂದು ಸಲ, ತಲೆ ತಗ್ಗಿಸಿಕೊಂಡು.

ಇಬ್ಬರೂ ಕೂಡಿ ಒಮ್ಮೆಯೂ ಹೋಗಲಿಲ್ಲವೇ ಎಂದರೆ, ಹೋದೆವು. ಅಡಿಗೆಮನೆಯ ಚಾವಣಿ ಸೋರತೊಡಗಿ, ಕೆಲವು ದಿನ ಮುಚ್ಚಿ ರಿಪೇರಿ ಮಾಡಲೇಬೇಕಾಯಿತು. ಆ ಸಂದಿಯಲ್ಲಿ ನಾಗರಹೊಳೆಗೆ ಹೋದೆವು. ಅಷ್ಟು ವರ್ಷ ಇಬ್ಬರಿಗೂ ದರ್ಶನ ಕೊಡದ ಹುಲಿ ಅವತ್ತು ಜೀಪಿನ ಮುಂದೆಯೇ ರಸ್ತೆ ದಾಟಿತು. ಅರ್ಧ ದಾರಿಯಲ್ಲಿ ನಿಂತು ನಮ್ಮನ್ನು ನೋಡಿತು, ಗಿರಾಕಿ ಅಲ್ಲ ಎಂದು ತಿಳಿದು ಹೊರಟುಹೋಯಿತು. ನಾನು ಅವರ ತೋಳು ಹಿಡಿದಿದ್ದೆ. ಬಹಳ ಸುಖವಾಯಿತು, ಇಲ್ಲವೆನ್ನಲಾರೆ.

ಆದರೆ ಮನೆಗೆ ಬಂದು ಮಧ್ಯಾಹ್ನ ಬುಟ್ಟಿಯ ಮುಂದೆ ಕುಳಿತೆವು. ಅವರು, "ಹುಣಸೂರು ದಾಟಿದ ಮ್ಯಾಲ..." ಎಂದರು. "ನಾನೂ ಇದ್ದೆನಲ್ರೀ," ಎಂದೆ. "ಹೌದಲ್ಲ," ಎಂದು ನಿಲ್ಲಿಸಿದರು. ಆಮೇಲೆ ಹುಲಿ ಎಡಕ್ಕೆ ತಿರುಗಿತೋ ಬಲಕ್ಕೆ ತಿರುಗಿತೋ ಎಂದು ಸಣ್ಣ ಜಗಳವಾಯಿತು. ಅವರು ಸಿಪ್ಪೆ ಊದುತ್ತ ಹೇಳಿದರು: "ಹುಲಿ ಸಿಕ್ತು, ಕಥಿ ಹೋತು."

ಮುಂದಿನ ವರ್ಷದಿಂದ ಮತ್ತೆ ಪಾಳಿ.

ಹಾಗೆ ಅವರ ಪಾಳಿ ಬಂದ ಒಂದು ಚಳಿಗಾಲ. ಕುದುರೆಮುಖ ಎಂದು ನಿಶ್ಚಯಿಸಿದ್ದರು. ಮರವಿಲ್ಲದ ಬರೀ ಹುಲ್ಲಿನ ಗುಡ್ಡಗಳಂತೆ ಅಲ್ಲಿ, ಮೊದಲಿನ ಸಂಡೂರಿನ ಹಾಗಿರಬಹುದು ಎಂದು ಆಸೆಪಟ್ಟಿದ್ದರು. ವ್ಯಾನು ತೊಳೆದಿತ್ತು. ಹೊರಡುವುದಕ್ಕೆ ಎರಡು ದಿನ ಇರುವಾಗ, ಬೆಳಿಗ್ಗೆ, ಚಹಾದ ಕಪ್ಪು ಅವರ ಕೈಯಿಂದ ಜಾರಿತು. ಬಗ್ಗಿ ಎತ್ತಲು ಹೋದವರು ಹಾಗೇ ನೆಲದ ಮೇಲೆ ಕುಳಿತರು. "ಏನಾತ್ರೀ?" ಎಂದೆ. ಬಾಯಿ ತೆರೆದರು. ಬಂದದ್ದು ಮಾತಾಗಿರಲಿಲ್ಲ.

ಲಕ್ವ. ಬಳ್ಳಾರಿಯ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದೆವು. ಜೀವ ಉಳಿಯಿತು. ನಿಧಾನಕ್ಕೆ ಕೋಲು ಹಿಡಿದು ನಡೆಯುವಂತಾದರು. ಬಲಗೈ ಬರಲಿಲ್ಲ. ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಹೇಳಬೇಕಾದದ್ದೂ ಒಳಗೆ ಇದೆ, ನಾಲಿಗೆಗೆ ಬರುವ ದಾರಿ ಮಾತ್ರ ಮುಚ್ಚಿದೆ ಎಂದರು ಡಾಕ್ಟರು. ಒಂದೇ ಒಂದು ಮಾತು ಉಳಿದಿದೆ: "ಆತು." ಊಟ ಬೇಕೆಂದರೂ ಆತು, ಬೇಡವೆಂದರೂ ಆತು. ಸಿಟ್ಟಿಗೂ ಆತು, ನಗುವಿಗೂ ಆತು. ಎಷ್ಟು ಬಗೆಯ ಆತು ಇದೆಯೆಂದು ಈಗ ನನಗೆ ಗೊತ್ತು. ಆದರೆ ಹಿರಿಯೂರಿನ ಚಹಾದಂಗಡಿಯವನ ಕಿವಿಯ ಕೂದಲನ್ನು ಆ ಒಂದು ಮಾತಿನಲ್ಲಿ ಹೇಗೆ ಹೇಳುವುದು?

ಮುಂದಿನ ಚಳಿಗಾಲ ಬಂತು. ನಾನು ಕಾಡಿನ ಮಾತೇ ಎತ್ತಲಿಲ್ಲ. ಅದರ ಮುಂದಿನದೂ ಬಂದು ಹೋಯಿತು. ಶರಣಮ್ಮ ಒಮ್ಮೆ, "ಅಕ್ಕಾರ, ಒಂದೀಟು ಹೋಗಿ ಬರ್ರಿ. ಮಾರಿ ಹೆಂಗಾಗೇತಿ ನೋಡ್ಕೊಳ್ರಿ," ಎಂದಳು. "ಈಗ ನನ್ನ ಪಾಳಿ ಅಲ್ಲ," ಎಂದೆ. ಅವಳಿಗೆ ಅದು ಅರ್ಥವಾಗಲಿಲ್ಲ. ನನಗೆ ಮಾತ್ರ ಆ ಲೆಕ್ಕ ಬಹಳ ಮುಖ್ಯವಾಗಿತ್ತು. ಕುದುರೆಮುಖ ಅವರದು. ಅವರು ಹೋಗಿ ಬಂದ ಮೇಲೆ ನಾನು. ಅದಕ್ಕೆ ಮೊದಲು ನಾನು ಹೊರಟರೆ ಅವರು ಇನ್ನು ಹೋಗುವುದಿಲ್ಲ ಎಂದು ನಾನೇ ಒಪ್ಪಿದ ಹಾಗೆ.

ಕಳೆದ ಚಳಿಗಾಲ ಒಂದು ಮಧ್ಯಾಹ್ನ ಅವರು ಕೋಲೂರಿಕೊಂಡು ಬಂದು ನನ್ನ ಮುಂದೆ ಕುಳಿತರು. ಎಡಗೈಯಲ್ಲಿ ವ್ಯಾನಿನ ಕೀಲಿ. ಅದನ್ನು ಬೆಳ್ಳುಳ್ಳಿಯ ಬುಟ್ಟಿಯೊಳಗೆ ಹಾಕಿದರು. ನಾನು ತೆಗೆದು ಅವರ ಕೈಗೇ ಕೊಟ್ಟೆ. ಮತ್ತೆ ಹಾಕಿದರು.

"ಇದು ನಿಮ್ಮ ಪಾಳಿ ರೀ. ನೀವು ಹೋಗಿ ಬರೂ ತನಕ ನಾ ಹೋಗಂಗಿಲ್ಲ."

ಅವರು ತಲೆ ಅಲ್ಲಾಡಿಸಿದರು. ತಮ್ಮ ಎದೆ ಮುಟ್ಟಿದರು, ನನ್ನತ್ತ ತೋರಿಸಿದರು, ಬಾಗಿಲ ಕಡೆ ತೋರಿಸಿದರು. ನಾನು ತಿಳಿಯದವಳ ಹಾಗೆ ಬುಟ್ಟಿ ನೋಡುತ್ತ ಕುಳಿತೆ. ಆಗ ಅವರು ಕೋಲಿನಿಂದ ನೆಲಕ್ಕೆ ಕುಟ್ಟಿ, ಮುಖವೆಲ್ಲ ಕೆಂಪಾಗಿ, "ಆತು!" ಎಂದರು. ಅದು ನಾನು ಅದುವರೆಗೆ ಕೇಳದ ಆತು. ಕೋಪದ್ದಲ್ಲ. ಕೇಳಿಕೊಳ್ಳುವವರ ದನಿ ಅದು. ತಾವು ಹೋಗಲಾಗದ್ದು ಅವರಿಗೆ ಎಂದೋ ತಿಳಿದಿತ್ತು. ಅವರಿಗೆ ಬೇಕಾಗಿದ್ದದ್ದು ಯಾರಾದರೂ ಹೋಗಿ ಬಂದು ಹೇಳುವುದು. ನಾನು ಅವರ ಮೇಲಿನ ಅಕ್ಕರೆಯಿಂದಲೇ ಅದನ್ನೂ ತಪ್ಪಿಸಿ ಕುಳಿತಿದ್ದೆ.

ಹೋದೆ. ಕೂಡ್ಲಿಗಿ, ಚಿತ್ರದುರ್ಗ, ಅಲ್ಲಿಂದ ಕೆಳಗೆ ತರೀಕೆರೆ, ಕಳಸ. ನನ್ನ ರೀತಿಯಲ್ಲಿ ಓಡಿಸಲಿಲ್ಲ, ಅವರ ರೀತಿಯಲ್ಲಿ ಓಡಿಸಿದೆ. ಚಹಾದಂಗಡಿ ಕಂಡಲ್ಲೆಲ್ಲ ನಿಲ್ಲಿಸಿದೆ. ಮಣ್ಣಿನ ಬಣ್ಣ ನೋಡಿದೆ. ಯಾರಿಗೆ ಯಾರ ಮೇಲೆ ಸಿಟ್ಟಿದೆ ಎಂದು ಕೇಳಿ ತಿಳಿದುಕೊಂಡೆ. ಕುದುರೆಮುಖದ ಗುಡ್ಡಗಳ ಮುಂದೆ ನಿಂತಾಗ ಬೆಳಗಿನ ಬಿಸಿಲು ಹುಲ್ಲಿನ ಮೇಲೆ ಇಳಿಯುತ್ತಿತ್ತು. ಗುಡ್ಡದ ಹಿಂದೆ ಗುಡ್ಡ, ಎಲ್ಲವೂ ಇಡಿಯಾಗಿ; ಅಲ್ಲಿಯೂ ಒಂದು ಕಾಲಕ್ಕೆ ಅದಿರು ತೆಗೆದಿದ್ದರಂತೆ, ಆದರೆ ನಾನು ನಿಂತಲ್ಲಿಂದ ಎಲ್ಲಿಯೂ ಕೆಂಪು ಗಾಯ ಕಾಣಲಿಲ್ಲ. ನೋಡಿದಷ್ಟೂ ಸಂಕಟವಾಯಿತು. ಈ ಸಲ "ರೀ, ನೋಡ್ರಿ" ಎನ್ನಲಿಲ್ಲ. ಸುಮ್ಮನೆ ನಿಂತು, ಮೇಲಿಂದ ಕೆಳಗಿನವರೆಗೆ, ಎಡದಿಂದ ಬಲಕ್ಕೆ, ನೆಲ ಸಾರಿಸಿದ ಹಾಗೆ ಒಂದಿಷ್ಟೂ ಬಿಡದೆ ನೋಡಿದೆ.

ಬಂದು ಹೇಳಲು ಹಲವು ಮಧ್ಯಾಹ್ನಗಳು ಹಿಡಿದವು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಲ್ಲಾದರೂ ಅವಸರ ಮಾಡಿದರೆ ಎಡಗೈ ಎತ್ತುತ್ತಿದ್ದರು. ನಾನು ಹಿಂದಿನ ಊರಿಗೆ ವಾಪಸು ಹೋಗುತ್ತಿದ್ದೆ. ಗುಡ್ಡಗಳನ್ನು ಹೇಳಿ ಮುಗಿಸಿದ ದಿನ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ನಾನು ಎದ್ದು ಒಲೆ ಹಚ್ಚಿದೆ. ಅವರ ದನಿ ಕೇಳಬೇಕೆನಿಸಿತು. ಬಂಡೀಪುರವೋ, ಹಿರಿಯೂರೋ, ಯಾವುದಾದರೂ ಸರಿ, ತಗ್ಗಿದ ದನಿಯಲ್ಲಿ ಒಂದೇ ಒಂದು ಊರಿನ ಹೆಸರು.

ಈ ವರ್ಷ ಚಳಿ ಮುಗಿಯುತ್ತ ಬಂದಾಗ ಅವರು ಮತ್ತೆ ನನ್ನ ಮುಂದೆ ಬಂದು ಕುಳಿತರು. ನಾನೇ ಕೇಳಿದೆ, "ಈ ಸಲ ಎಲ್ಲಿಗೆ ಹೋಗ್ಲಿ ಹೇಳ್ರಿ." ಅವರು ತಲೆ ಅಲ್ಲಾಡಿಸಿ ತಮ್ಮ ಎದೆಯನ್ನು ಮುಟ್ಟಿಕೊಂಡರು. ಕೋಲನ್ನು ಕಮಲಾಪುರದ ದಿಕ್ಕಿಗೆ ಚಾಚಿದರು. ಆಮೇಲೆ ಎಡಗೈಯ ಬೆರಳು ಬಗ್ಗಿಸಿ ಉಗುರು ಮಾಡಿ ಗಾಳಿಯನ್ನು ಪರಚಿದರು.

ದರೋಜಿ. ಕಮಲಾಪುರದ ಆಚೆಗಿನ ಕರಡಿಧಾಮ. ಸಂಜೆಗೆ ಮುಂಚೆ ಬಂಡೆಗಳ ನಡುವಿನಿಂದ ಕರಡಿಗಳು ಬರುತ್ತವೆ, ಎದುರಿನ ದಿನ್ನೆಯ ಗೋಪುರದಿಂದ ನೋಡಬಹುದು. ಇಷ್ಟು ಹತ್ತಿರವೆಂದೇ ನಾವಿಬ್ಬರೂ ಒಮ್ಮೆಯೂ ಹೋಗಿರಲಿಲ್ಲ.

"ಹೋಗೋಣ, ನಾ ಕರ್ಕೊಂಡು ಹೋಗ್ತೀನಿ," ಎಂದೆ. ಅವರು ಎಡಗೈ ಅಡ್ಡ ತಂದರು. ಪಾಳಿ ಎಂದರೆ ಪಾಳಿ.

ಪರಿಚಯದ ಆಟೋದ ಖಾಜಾನನ್ನು ಕರೆಸಿದೆ. ಕಂಪ್ಲಿಯಿಂದ ಮಗಳ ಫೋನು ಬಂತು. "ಅವ್ವಾ, ಅಪ್ಪನ್ನ ಒಬ್ರನ್ನ ಕಳಸ್ತೀಯಾ? ಏನರ ಆದ್ರ ಹೇಳಾಕರ ಬರ್ತದೇನು ಅವ್ರಿಗೆ?" ನನ್ನ ಎದೆಯಲ್ಲಿದ್ದ ಮಾತನ್ನೇ ಅವಳು ಅಂದಳು. "ಖಾಜಾ ಅದಾನ," ಎಂದು ಹೇಳಿ ಫೋನಿಟ್ಟೆ. ಬಗಲಿಗೆ ನೀರಿನ ಬಾಟಲಿ ಇಟ್ಟು, ಹೆಗಲಿಗೆ ಟವಲು ಹಾಕಿ ಕಳಿಸಿದೆ. ಆಟೋ ಹೊರಟಾಗ ಅವರು ತಿರುಗಿ ನೋಡಲಿಲ್ಲ.

ಹಾಗಾಗಿ ಮೊನ್ನೆ ಆ ಸುಟ್ಟ ವಾಸನೆ ಬಂದಾಗ ನಾನೊಬ್ಬಳೇ ಕುಳಿತಿದ್ದೆ. ಬೆಳ್ಳುಳ್ಳಿ ಸುಲಿದೆನೋ ಬೆರಳು ಸುಲಿದೆನೋ ಗೊತ್ತಿಲ್ಲ. ಹೊತ್ತು ಇಳಿಯಿತು. ಶರಣಮ್ಮ ರೊಟ್ಟಿಗೆ ಹಿಟ್ಟು ಕಲಸಿದಳು. ಮೂರು ಸಲ ಬಾಗಿಲಿಗೆ ಹೋಗಿ ಬಂದ ಮೇಲೆ ನಾಲ್ಕನೆಯ ಸಲ ಅಲ್ಲೇ ನಿಂತೆ.

ದೀಪ ಹಚ್ಚುವ ಹೊತ್ತಿಗೆ ಆಟೋ ಬಂತು. ಖಾಜಾ ಮೊದಲು ಇಳಿದು ಅವರನ್ನು ಇಳಿಸಿದ. "ಅಕ್ಕಾ, ಅಣ್ಣಾರು ನನ್ನ ಮ್ಯಾಲ ಇರಗೊಡಲಿಲ್ಲ ನೋಡ್ರಿ. ಮೆಟ್ಲಾ ಹತ್ತಿಸಿದ ಕೂಡಲೇ ಕೆಳಗ ಹೋಗು ಅಂತ ಕೋಲು ತೋರಿಸಿದ್ರು. ನಾ ಆಟೋದಾಗ ಕುಂತಿದ್ದೆ. ಏನ್ ನೋಡಿದ್ರೋ, ನನಗ ಗೊತ್ತಿಲ್ಲ."

ಒಳಗೆ ಬೆಂಚಿನ ಮೇಲೆ ಕುಳಿತರು. ನೀರು ಕುಡಿದರು. ನಾನು ಎದುರಿಗೆ ಕುಳಿತೆ. "ಹೇಳ್ರಿ," ಎಂದೆ.

ಅವರು ಎದ್ದು ನಿಂತರು. ಕೋಲನ್ನು ಬೆಂಚಿಗೆ ಒರಗಿಸಿದರು. ಸೊಂಟ ಬಗ್ಗಿಸಿ, ಹೆಗಲ ಟವಲನ್ನು ಎಡಗೈಯಿಂದ ಎಳೆದು ಬೆನ್ನ ಮೇಲೆ ಹಾಕಿಕೊಳ್ಳಲು ನೋಡಿದರು. ಅದು ಜಾರಿ ಬಿತ್ತು. ಎತ್ತಿಕೊಡಲು ಹೋದೆ. ಬೇಡವೆಂದು ತಲೆ ಅಲ್ಲಾಡಿಸಿ, ಮೇಜು ಹಿಡಿದು ತಾವೇ ಎತ್ತಿಕೊಂಡರು. ಮತ್ತೆ ಹಾಕಿಕೊಂಡರು. ಈ ಸಲ ನಿಂತಿತು. ಆ ಟವಲನ್ನು ಬೆನ್ನ ಮೇಲೆ ಹೊತ್ತು, ಬಲಗಾಲು ಎಳೆಯುತ್ತ, ಮೂತಿಯನ್ನು ಆ ಕಡೆ ಈ ಕಡೆ ಆಡಿಸುತ್ತ ಬೆಂಚುಗಳ ನಡುವೆ ನಡೆದರು.

"ಮರೀನ್ನ ಬೆನ್ನ ಮ್ಯಾಲ ಹೊತ್ಕೊಂಡು ಬಂತೇನ್ರೀ?"

"ಆತು!" ಎಂದರು. ಊಟಕ್ಕೆ ಬಂದು ಕೈ ತೊಳೆಯುತ್ತಿದ್ದ ಗಿರಾಕಿಗಳು ತಿರುಗಿ ನೋಡುವಷ್ಟು ಜೋರಾಗಿ.

ಆಮೇಲೆ ಬೆಂಚಿನ ಮೇಲೆ ಕುಳಿತು ಇನ್ನೇನನ್ನೋ ತೋರಿಸಿದರು. ಕೈಯನ್ನು ದೂರಕ್ಕೆ ಚಾಚಿದರು, ಮೆಲ್ಲಗೆ ಎದೆಯ ಹತ್ತಿರ ತಂದರು, ಕಣ್ಣು ಮುಚ್ಚಿದರು. "ಕರಡಿ ಹೊಳ್ಳಿ ಹೋತೇನು?" ಅಲ್ಲ. "ಗಾಳಿ ಬಂತೇನು?" ಅಲ್ಲ. "ನನ್ನ ನೆನಪಾತೇನ್ರೀ?" ಎಂದೆ, ಅರ್ಧ ಚೇಷ್ಟೆಗೆ. ಅವರು ಕಣ್ಣು ತೆರೆದು, ಅದು ಬೇರೆ, ಇದು ಬೇರೆ ಎಂಬಂತೆ ಕೈ ಬೀಸಿ ನಕ್ಕರು. ಮತ್ತೆ ಮೊದಲಿಂದ ತೋರಿಸಿದರು. ನನಗೆ ತಿಳಿಯಲಿಲ್ಲ.

ಏನದು ಎಂದು ಈಗಲೂ ತಿಳಿದಿಲ್ಲ. ಆದರೆ ಒಂದು ಅನಿಸುತ್ತದೆ. ಒಬ್ಬರೇ ಹೋದವರಿಗೆ ಸಿಕ್ಕಿದ್ದರಲ್ಲಿ ಹೇಳಲಾಗದ್ದೂ ಒಂದಿಷ್ಟು ಇದ್ದೇ ಇರುತ್ತದೆ. ಅವರಿಗೆ ಮಾತೆಲ್ಲ ಇದ್ದ ಕಾಲದಲ್ಲೂ ಇದ್ದಿರಬೇಕು. ಅಷ್ಟೊಂದು ಊರುಗಳು, ಅಷ್ಟೊಂದು ಚಹಾದಂಗಡಿಗಳ ನಡುವೆ ಅದು ನನಗೆ ಕಾಣಿಸಿರಲಿಲ್ಲ. ಮೊನ್ನೆ ಮಾತಿಲ್ಲದಾಗ ಕಾಣಿಸಿತು. ಅದು ಅವರದಾಗಿಯೇ ಇರಲಿ ಎಂದುಕೊಂಡೆ. ಆದರೂ ನೋಡುತ್ತ ಕುಳಿತೆ.

ಅವರು ಮೂರನೆಯ ಸಲ ಕೈ ಚಾಚುವ ಹೊತ್ತಿಗೆ ಬೆಂಚುಗಳು ತುಂಬಿದ್ದವು. ಒಲೆಯ ಹತ್ತಿರದಿಂದ ಶರಣಮ್ಮ ಕೂಗಿದಳು. "ಅಕ್ಕಾರ, ರೊಟ್ಟಿ ಆರಾಕ ಹತ್ಯಾವ. ಮಂದಿ ಕುಂತೈತಿ. ಬಡಸ್ಲೇನು?"

"ಒಂದೀಟು ಕುಂದ್ರಾಕ ಹೇಳು ಎಲ್ಲಾರಿಗೂ," ಎಂದೆ. "ಇವ್ರದು ಇನ್ನಾ ಮುಗದಿಲ್ಲ."